ಕೊಕ್ಕಿಲ್ಲದ ಗಿಳಿಗಳು

ನಮ್ಮ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಗೆ ಮುಚ್ಚಳವಾಗಿ ಒಂದು ಗಿಳಿಯಿದೆ. ಮೊಸರಿನ ಗಡಿಗೆಯ ಮೇಲೆ ಇನ್ನೊಂದು, ಹಿಟ್ಟಿನ ಡಬ್ಬಿಯ ಮೇಲೆ ಮತ್ತೊಂದು. ಎಲ್ಲವೂ ಸಾಗವಾನಿಯ ತುಂಡು ಹಲಗೆಯಲ್ಲಿ ಕೊರೆದವು, ಎಲ್ಲವೂ ಬಲಕ್ಕೆ ಮುಖ ಮಾಡಿದವು, ಒಂದಕ್ಕೂ ಪೂರ್ತಿ ಕೊಕ್ಕಿಲ್ಲ. ಮನೆಗೆ ಬಂದವರು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಇದು ಯಾವ ಹಕ್ಕಿ ಎಂದು ಕೇಳುತ್ತಾರೆ. ಸುಮಿತ್ರವ್ವ ಕಾಕಿ ಬೆರಳನ್ನು ನನ್ನ ಕಡೆ ಮಾಡುತ್ತಾಳೆ. ಮೊದಲೆಲ್ಲ ಆ ಬೆರಳು ಏಳುವ ಮುಂಚೆಯೇ ನಾನು ಹಿತ್ತಲಿಗೆ ಹೋಗಿಬಿಟ್ಟಿರುತ್ತಿದ್ದೆ.

ಬೆಟಗೇರಿಯಲ್ಲಿ ನಮ್ಮ ಮನೆಯ ಮುಂಭಾಗವೇ ಪರಶುರಾಮ ಕಾಕಾನ ಬಾಗಿಲ ಅಂಗಡಿ. ಕಾಕಾ ಚೌಕಟ್ಟು, ಬಾಗಿಲು ಎಷ್ಟು ಬೇಕಾದರೂ ಮಾಡುತ್ತಾನೆ. ಆದರೆ ಹೂವು, ಬಳ್ಳಿ, ಗಿಳಿ ಕೆತ್ತಬೇಕೆಂದರೆ ಹಲಗೆಗಳು ಹುಬ್ಬಳ್ಳಿಗೆ ಹೋಗಬೇಕಿತ್ತು. ಅಲ್ಲಿ ಕಂಪ್ಯೂಟರಿನಿಂದ ಕೊರೆಯುವ ದೊಡ್ಡ ಯಂತ್ರಗಳಿವೆ. ಹೋದ ಹಲಗೆ ಯಾವಾಗ ಬರುತ್ತದೆಂದು ಕಾಕಾ ದಿನಾ ಫೋನಿನಲ್ಲಿ ಜಗಳ ಮಾಡುತ್ತಿದ್ದ. ನಾನು ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿಎಸ್ಸಿ ಮುಗಿಸಿ, ಮಧ್ಯಾಹ್ನದ ಹೊತ್ತು ಆ ಜಗಳ ಕೇಳುತ್ತಾ ಕೂತಿರುತ್ತಿದ್ದೆ. ಒಂದು ದಿನ ಅನ್ನಿಸಿತು: ಆ ಯಂತ್ರದಲ್ಲಿ ಇರುವುದಾದರೂ ಏನು? ಎಡಬಲಕ್ಕೆ ಒಂದು ಮೋಟರು, ಹಿಂದುಮುಂದಕ್ಕೆ ಒಂದು, ಮೇಲೆಕೆಳಗೆ ಒಂದು. ತಿರುಗುವ ಒಂದು ಕಟರು. ಇವಕ್ಕೆಲ್ಲ ಹೇಳಿಕೊಡುವ ಒಂದು ಸಣ್ಣ ಬೋರ್ಡು. ಮಾಡಬಹುದು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಆಮೇಲೆ ಮಾತಾಡಬೇಕಾಗುತ್ತದೆ.

ಲಾಡಸಾಬ ಕಾಕಾನ ಮೋಡಕಾ ಅಂಗಡಿಗೆ, ಅಂದರೆ ಗುಜರಿಗೆ, ಹೋಗಿ ಸುಮ್ಮನೆ ನಿಂತೆ. ಆತ, "ಏನ ಬೇಕವಾ?" ಅಂದ. ನಾನು ಸತ್ತುಹೋದ ಝೆರಾಕ್ಸ್ ಯಂತ್ರದ ಕಡೆ ಬೆರಳು ಮಾಡಿದೆ. ಅದರ ಹೊಟ್ಟೆಯಲ್ಲಿ ಕನ್ನಡಿಯಂತೆ ನುಣುಪಾದ ಎರಡು ಉಕ್ಕಿನ ಕೋಲು ಇರುತ್ತವೆ. ಇನ್ನೊಂದು ದಿನ ಹಳೆಯ ಪ್ರಿಂಟರುಗಳ ರಾಶಿಯ ಕಡೆ ಬೆರಳು ಮಾಡಿದೆ, ಮೋಟರುಗಳು ಸಿಕ್ಕವು. ಮತ್ತೊಂದು ದಿನ ಕಬ್ಬಿಣದ ಆ್ಯಂಗಲ್ ಪಟ್ಟಿ. ಬೋರ್ಡು ಮಾತ್ರ ಪಾರ್ಸಲ್‌ನಲ್ಲಿ ಬಂತು. ಕಟರು ತಿರುಗಿಸಲು ಕಾಕಾನ ಟ್ರಿಮ್ಮರೇ ಸರಿ ಎನ್ನಿಸಿತು. ಅದು ಬಾಗಿಲಿನ ಅಂಚು ಸವರುವ, ಒಂದು ಕೈಯಲ್ಲಿ ಹಿಡಿಯುವ ಯಂತ್ರ. ಕಾಕಾನನ್ನು ಕೇಳಲು ಬಾಯಿ ಬರಲಿಲ್ಲ. ನಮ್ಮ ಆಯಿಯನ್ನು ಕೇಳಿದೆ. ಆಯಿ ಅಂದರೆ ಮಂಜವ್ವ, ಕಾಕಾನ ಅವ್ವ. ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟಳು.

"ಯವ್ವಾ, ನನ್ನ ಟ್ರಿಮ್ಮರ ಕಾಣವಲ್ದಲ್ಲ?" ಎಂದು ಸಂಜೆ ಕಾಕಾ ಕೇಳಿದ.

"ಬೆಕ್ಕ ಒಯ್ದಿರಬೇಕ ನೋಡಪಾ," ಅಂದಳು ಆಯಿ.

ತಂತಿ ಜೋಡಿಸುವಾಗ ನನಗೆ ಜೊತೆಗಿದ್ದವಳೂ ಆಯಿಯೇ. ಮೋಟರಿನಿಂದ ನಾಲ್ಕು ತಂತಿ ಹೊರಗೆ ಬಂದಿರುತ್ತವೆ. ಯಾವುದಕ್ಕೆ ಯಾವುದು ಜೋಡಿ ಎಂದು ಹಳೆಯ ಮೋಟರಿನಲ್ಲಿ ಬರೆದಿರುವುದಿಲ್ಲ. ಎರಡು ತುದಿಗಳನ್ನು ಕೂಡಿಸಿ ಹಿಡಿದು, ಮೋಟರಿನ ಕೋಲನ್ನು ಬೆರಳಿನಿಂದ ತಿರುವಬೇಕು. ಸಲೀಸಾಗಿ ತಿರುಗಿದರೆ ಅವು ಜೋಡಿಯಲ್ಲ. ಬಿಗಿಯಾಗಿ ಜಗ್ಗಿದರೆ ಜೋಡಿ. ನಾನು ತುದಿ ಹಿಡಿಯುತ್ತಿದ್ದೆ, ಆಯಿ ತಿರುವುತ್ತಿದ್ದಳು.

"ಇವೇನ ಗಂಡಾ ಹೆಂಡ್ತಿ ಅಲ್ಲ ಬಿಡು, ಭಾಳ ಸುಮ್ನದಾವ," ಅನ್ನುವಳು. ಮುಂದಿನದಕ್ಕೆ, "ಹಾಂ, ಇವು ನೋಡು. ಜಗ್ಯಾಡಾಕ ಹತ್ಯಾವ."

ಯಂತ್ರದ ತೋಳು ಅತ್ತಿತ್ತ ಓಡಾಡುವಾಗ ತಂತಿಗಳು ಸಿಕ್ಕಾಗಬಾರದೆಂದು ಆಯಿಯ ಹಳೆಯ ಇಳಕಲ್ ಸೀರೆಯ ಅಂಚಿನಿಂದ ಉದ್ದನೆಯ ಚೀಲ ಹೊಲಿದು, ಎಲ್ಲವನ್ನೂ ಅದರೊಳಗೆ ಹಾಯಿಸಿದೆ. ಅಂದಿನಿಂದ ಆಯಿಗೆ ಯಂತ್ರದ ಮೇಲೆ ಹಕ್ಕು ಬಂತು. "ನನ್ನ ಸೀರಿ ಉಟಗೊಂಡೈತಿ. ನನ್ನ ಸೊಸಿ ಇದ್ದಂಗ," ಎನ್ನತೊಡಗಿದಳು. ಕಾಕಿ ಅದನ್ನು ಕೇಳಿ, "ನನಗೊಂದು ಸೀರಿ ಕೊಡಲಿಲ್ಲ ಇಕಿ," ಎಂದು ಗೊಣಗಿದಳು.

ಕೊನೆಗೆ ಕಾಕಾನಿಗೆ ತೋರಿಸಲೇಬೇಕಾಯಿತು. ತನ್ನ ಟ್ರಿಮ್ಮರ್ ಅದರ ಎದೆಗೆ ಬಿಗಿದು ಕೂತಿರುವುದನ್ನು ಕಂಡು ಆತ ಆಯಿಯ ಮುಖ ನೋಡಿದ. ಆಯಿ ಬೆಕ್ಕಿನ ಮುಖ ನೋಡಿದಳು. ನಾನು ಲ್ಯಾಪ್‌ಟಾಪಿನಲ್ಲಿ ಬಲಕ್ಕೆ ಹೋಗು ಎಂದು ಒತ್ತಿದೆ. ಯಂತ್ರ ಎಡಕ್ಕೆ ಹೋಯಿತು.

"ಬಲಕ್ಕಂದ್ರ ಎಡಕ್ಕ ಹೊಂಟೈತಲ್ಲ ವನಿತಾ," ಅಂದ ಕಾಕಾ, "ಥೇಟ್ ನಿಮ್ಮ ಕಾಕಿ ಹಂಗ."

ನಾನು ಒಂದು ಜೋಡಿ ತಂತಿಯನ್ನು ಅದಲುಬದಲು ಮಾಡಿದೆ. ಯಂತ್ರ ಬಲಕ್ಕೆ ಹೋಯಿತು. "ಹೆಂಡ್ತಿಗೂ ಹಿಂಗ ಎರಡ ವಾಯರ್ ಇದ್ದಿದ್ರ," ಎಂದು ಕಾಕಾ ನಿಟ್ಟುಸಿರು ಬಿಟ್ಟು, ಅಂಗಡಿಯ ಒಂದು ಮೂಲೆಯನ್ನು ನನಗೆ ಬಿಟ್ಟುಕೊಟ್ಟ. "ಸದ್ಯಕ್ಕ" ಎಂದು ಒತ್ತಿ ಹೇಳಿದ.

ಇಲ್ಲಿ ಒಂದು ಸಂಗತಿ ಹೇಳಬೇಕು. ಇಂಥ ಯಂತ್ರ ಶುರುವಾದಾಗ ಅದಕ್ಕೆ ತಾನೆಲ್ಲಿದ್ದೇನೆಂದು ಗೊತ್ತಿರುವುದಿಲ್ಲ, ಮಧ್ಯಾಹ್ನ ಮಲಗಿ ಎದ್ದವರ ಹಾಗೆ. ಅದಕ್ಕೇ ಮೊದಲು ಮೆಲ್ಲಗೆ ಎಡಕ್ಕೆ ಸರಿಯುತ್ತಾ ಹೋಗುತ್ತದೆ. ಎಡತುದಿಯಲ್ಲಿ ಒಂದು ಪುಟ್ಟ ಸ್ವಿಚ್ಚಿದೆ. ತೋಳಿನ ಬೋಲ್ಟು ಹೋಗಿ ಅದನ್ನು ಒತ್ತಿದೊಡನೆ ನಿಲ್ಲುತ್ತದೆ. ಇದು ನನ್ನ ಜಾಗ, ಇಲ್ಲಿಂದ ಎಣಿಸಬೇಕು ಎಂದು ತಿಳಿದುಕೊಳ್ಳುತ್ತದೆ. ಗಿಳಿ ಹಲಗೆಯ ಮೇಲೆ ಎಲ್ಲಿ ಕೂರಬೇಕು ಎಂಬುದೆಲ್ಲ ಆ ಜಾಗದಿಂದಲೇ ಲೆಕ್ಕ.

ಆ ಸ್ವಿಚ್ಚಿನೊಳಗೆ ಕಟ್ಟಿಗೆಯ ಹಿಟ್ಟು ಹೋಗಬಾರದಲ್ಲ. ಅದಕ್ಕೊಂದು ಪೆಟ್ಟಿಗೆ ಬೇಕು ಎಂದೆ. ಕಾಕಾ ಮಾಡಿಕೊಟ್ಟ. ಆದರೆ ಆತನ ಕೈಗೆ ಬಾಗಿಲು ಬಿಟ್ಟು ಬೇರೆ ಆಕಾರ ಬರುವುದಿಲ್ಲ. ಮೇಲೆ ಕಮಾನು, ಮುಂದೆ ಬೆರಳುದ್ದದ ಒಂದು ಕದ, ಕದಕ್ಕೆ ಹಿತ್ತಾಳೆಯ ಗುಂಡಿ, ಪಕ್ಕದಲ್ಲಿ ಬೋಲ್ಟು ಒಳಗೆ ಬರಲು ಒಂದು ತೂತು. ಹಳೆಯ ಗೋಡೆಗಳಲ್ಲಿ ದೀಪ ಇಡುವ ಮಾಡ ಇರುತ್ತದಲ್ಲ, ಹಾಗೇ ಕಂಡಿತು. ನಾವೂ ಅದನ್ನು ಮಾಡ ಎಂದೇ ಕರೆದೆವು.

ಮೊದಲ ಗಿಳಿ ಕೊಕ್ಕಿನ ಸಮೇತ ಬಂತು. ಮನೆಯವರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಕಾಕಾನ ಮಗ ಭೀಮೇಶ ಅದರ ವಿಡಿಯೊ ತೆಗೆದ. ಭೀಮಣ್ಣ ನನಗಿಂತ ಸ್ವಲ್ಪವೇ ದೊಡ್ಡವನು. ಅವನ ಬಾಯಿ ನಮ್ಮಿಬ್ಬರಿಗೂ ಸಾಕಾಗುವಷ್ಟಿದೆ. ಹೊರಗಿನವರು ಬಂದರೆ ನಾನು ಪ್ಲೈವುಡ್ ಹಲಗೆಗಳ ಹಿಂದೆ ಸೇರಿಕೊಳ್ಳುತ್ತಿದ್ದೆ, ಅವನು ಮಾತಾಡುತ್ತಿದ್ದ. ಇಬ್ಬರಿಗೂ ಅನುಕೂಲವಾಗಿತ್ತು. ಮೊದಲ ವಿಡಿಯೊದಲ್ಲಿ "ನಮ್ಮ ಮಷೀನ್" ಎಂದಿದ್ದ. ಎರಡನೆಯದರಲ್ಲಿ "ನನ್ನ ಮಷೀನ್" ಎಂದ.

ಆ ಎರಡನೆಯ ವಿಡಿಯೊ ತೆಗೆಯುವಾಗಲೇ ಯಂತ್ರದ ಮುಂದೆ ಆಯಿ ಕಟ್ಟಿದ್ದ ಲಿಂಬೆಹಣ್ಣು, ಮೆಣಸಿನಕಾಯಿ ಅವನ ಕಣ್ಣಿಗೆ ಬಿತ್ತು. ಕಿತ್ತು ಒಗೆದ.

"ಆಯಿ, ಇದು ಕಂಪ್ಯೂಟರ್ ಮಷೀನ್ ಐತಿ, ಲಾರಿ ಅಲ್ಲ!"

"ಆತು ಬಿಡಪಾ," ಅಂದಳು ಆಯಿ. ಅಷ್ಟೇ ಅಂದಳು. ಆಯಿ ಅಷ್ಟಕ್ಕೇ ಮುಗಿಸಿದಳೆಂದರೆ ನಾವೆಲ್ಲ ಎಚ್ಚರವಾಗಬೇಕಿತ್ತು.

ವಿಡಿಯೊ ಲಕ್ಷ್ಮೇಶ್ವರದವರೆಗೂ ಹೋಯಿತು. ಅಲ್ಲಿನ ಸಾವಿತ್ರೆವ್ವ ಎಂಬ ಹಿರಿಯರು ಫೋನ್ ಮಾಡಿದರು. ಕಾಳು ವ್ಯಾಪಾರದ ಮನೆತನ, ಹೊಸ ಮನೆ ಕಟ್ಟಿಸುತ್ತಿದ್ದರು. ದೇವರ ಕೋಣೆಯ ಬಾಗಿಲಿಗೆ ಎದುರುಬದುರು ಗಿಳಿಗಳು ಬೇಕು. ಆದರೆ ಯಂತ್ರ ಕೊರೆಯುವುದನ್ನು ತಾವೇ ಕಣ್ಣಾರೆ ನೋಡಿ ಆಮೇಲೆ ಹೇಳುತ್ತೇವೆ ಎಂದರು. ಕಾಕಾ ಉಬ್ಬಿಹೋದ.

ಅದರ ಮಾರನೆಯ ದಿನದಿಂದ ಗಿಳಿಗಳ ಕೊಕ್ಕು ಹೋಯಿತು.

ಇಡೀ ಗಿಳಿಯೇ ಬಲಕ್ಕೆ ಸರಿದು, ಕೊಕ್ಕು ಹಲಗೆಯಿಂದ ಆಚೆ ಗಾಳಿಯಲ್ಲಿ ಕೊರೆಯಲ್ಪಡುತ್ತಿತ್ತು. ನಾನು ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಮೀಟರ್ ಹಿಡಿದು ಒಂದೊಂದೇ ತುದಿ ಪರೀಕ್ಷಿಸಿದೆ. ಅರ್ಥಿಂಗ್ ಸರಿಮಾಡಿದೆ. ಮೋಟರುಗಳಿಗೆ ಹೋಗುವ ಕರೆಂಟು ಹೆಚ್ಚಿಸಿದೆ, ಕಡಿಮೆ ಮಾಡಿದೆ. ಸ್ವಿಚ್ಚಿನ ತಂತಿಗೆ ಬೇರೆ ಹಾದಿ ಮಾಡಿದೆ. ಮಾಡದ ಕದವನ್ನು ಮಾತ್ರ ತೆರೆಯಲಿಲ್ಲ. ಅದರೊಳಗೆ ಸ್ವಿಚ್ಚನ್ನು ಕೂರಿಸಿದವಳು ನಾನೇ, ಪರದೆಯ ಮೇಲೆ ಅದು ಸರಿಯಾಗಿ ಒತ್ತಿಕೊಳ್ಳುವುದೂ ಕಾಣುತ್ತಿತ್ತು. ಮತ್ತೇನು ನೋಡುವುದು?

"ಇದು ಗಿಳಿ ಅಲ್ಲ, ಕೋಳಿಮರಿ," ಎಂದ ಕಾಕಾ. ಇನ್ನೊಂದು ಬಂದಾಗ, "ಇವನ್ನೆಲ್ಲಾ ಒಯ್ದು ಮಾಗಡಿ ಕೆರ್‍ಯಾಗ ಬಿಡ್ರಿ. ಅಲ್ಲಿ ದೇಶಾ ದೇಶದ ಹಕ್ಕಿ ಬರತಾವಂತ, ಇದೂ ಯಾವುದೋ ಪರದೇಶದ್ದು ಅಂತ ತಿಳೀತಾರ." ಮತ್ತೊಂದು ಬಂದಾಗ ಆತನಿಗೆ ನಗು ಉಳಿಯಲಿಲ್ಲ. ಲಾಡಸಾಬನನ್ನು ಕರೆಸಿಯೇ ಬಿಟ್ಟ.

ಲಾಡಸಾಬ ಕಾಕಾ ತನ್ನ ಮೂರು ಗಾಲಿಯ ಟಂಟಂ ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿ, ಯಂತ್ರದ ಸುತ್ತ ಒಂದು ಸುತ್ತು ಬಂದ. ಕಣ್ಣಲ್ಲೇ ತೂಗುತ್ತಿದ್ದ.

"ನಾ ಕೊಟ್ಟಿದ್ದ ಮಾಲು," ಅಂದ, "ಆದ್ರ ಆವಾಗ ಸುಮ್ನ ಬಿದ್ದಿತ್ತು, ಈಗ ಎದ್ದ ನಿಂತೈತಿ. ಮುರಿಯಾಕ ಮನಸ ಬರಂಗಿಲ್ಲ ಪರಶುರಾಮಣ್ಣ."

"ಮನಸ ಮಾಡು. ಸಾವಿತ್ರೆವ್ವಾರ ಬಂದಾಗ ಅವರ ಮುಂದ ಗಿಳಿಗೆ ಕೊಕ್ಕ ಬರಲಿಲ್ಲಂದ್ರ, ಇದು ಆವತ್ತ ನಿನ್ನ ಟಂಟಂ ಏರತೈತಿ. ನನಗ ನನ್ನ ಮೂಲಿ ಬೇಕು, ನನ್ನ ಟ್ರಿಮ್ಮರ ಬೇಕು."

ನಾನು ಪ್ಲೈವುಡ್ಡಿನ ಹಿಂದಿದ್ದೆ. ಒಂದು ಮಾತು ಆಡಬೇಕೆಂದು ಬಾಯಿ ತೆರೆದೆ. ಕಟ್ಟಿಗೆಯ ಹಿಟ್ಟು ಒಳಗೆ ಹೋಗಿ ಕೆಮ್ಮು ಬಂತು. ಅಷ್ಟೇ ಆದದ್ದು.

ಕಾಕಿ ಕೆಟ್ಟ ಗಿಳಿಗಳನ್ನೆಲ್ಲ ಒಯ್ದು ಅಡುಗೆಮನೆಯ ಗೋಡೆಗೆ ಸಾಲಾಗಿ ಆನಿಸಿಟ್ಟಿದ್ದಳು. ಮರುದಿನ ರೊಟ್ಟಿ ತಿನ್ನುತ್ತಾ ನಾನು ಅವುಗಳನ್ನೇ ನೋಡುತ್ತಿದ್ದೆ. ಒಂದಕ್ಕೆ ಕೊಕ್ಕೇ ಇಲ್ಲ. ಅದರ ಪಕ್ಕದ್ದಕ್ಕೆ ಕೊಕ್ಕಿನ ಬುಡ ಕಂಡಿತ್ತು. ಅದರ ಪಕ್ಕದ್ದಕ್ಕೆ ಇನ್ನೂ ಸ್ವಲ್ಪ. ಹೀಗೆ ಕೊಕ್ಕು ಮೊಳೆಯುತ್ತಾ ಮೊಳೆಯುತ್ತಾ ಬಂದು, ಇನ್ನೇನು ಪೂರ್ತಿಯಾಗಬೇಕು ಅನ್ನುವಲ್ಲಿ ಮುಂದಿನ ಗಿಳಿಗೆ ಮತ್ತೆ ಮೊಟಕು. ಕೆಲಸದ ಹಲಗೆಯ ಹಿಂದೆ ಪೆನ್ಸಿಲಿನಿಂದ ಆ ದಿನದ ವಾರ ಬರೆಯುವುದು ಕಾಕಾನ ರೂಢಿ. ತಿರುಗಿಸಿ ನೋಡಿದೆ. ಮೊಟಕಾದವುಗಳ ಹಿಂದೆಲ್ಲ ಶುಕ್ರವಾರ.

ತಂತಿಗೆ ವಾರ ಗೊತ್ತಿರುವುದಿಲ್ಲ. ವಾರ ಗೊತ್ತಿರುವುದು ಮನುಷ್ಯರಿಗೆ. ನಮ್ಮ ಮನೆಯಲ್ಲಂತೂ ಎಲ್ಲರಿಗಿಂತ ಹೆಚ್ಚಾಗಿ ಒಬ್ಬರಿಗೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಪ್ಲೈವುಡ್ಡಿನ ಹಿಂದೆ ಹೋಗಿ ನಿಂತೆ. ಆಯಿ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅತ್ತಿತ್ತ ನೋಡಿ ಅಂಗಡಿಗೆ ಬಂದಳು. ಮಾಡದ ಪುಟ್ಟ ಕದ ತೆರೆದಳು. ಒಳಗಿನಿಂದ ಸುಕ್ಕಾದ ಒಂದು ಲಿಂಬೆಹಣ್ಣು ತೆಗೆದು ಉಡಿಗೆ ಹಾಕಿಕೊಂಡಳು. ಹೊಸದೊಂದನ್ನು ಸ್ವಿಚ್ಚಿನ ಮುಂದೆ ಇಟ್ಟಳು. ಕಾಕಾ ಅಳತೆ ಕೊಟ್ಟು ಮಾಡಿದ ಹಾಗೆ ಅದು ಅಲ್ಲಿ ಹಿಡಿಸಿ ಕೂತಿತು.

ಎಲ್ಲವೂ ತಿಳಿದುಹೋಯಿತು. ತೋಳಿನ ಬೋಲ್ಟು ಬಂದು ಲಿಂಬೆಹಣ್ಣನ್ನು ಒತ್ತುತ್ತಿತ್ತು, ಲಿಂಬೆಹಣ್ಣು ಸ್ವಿಚ್ಚನ್ನು ಒತ್ತುತ್ತಿತ್ತು. ಯಂತ್ರ ತನ್ನ ಜಾಗ ಬಂತೆಂದು ಒಂದು ಲಿಂಬೆಹಣ್ಣಿನಷ್ಟು ಮೊದಲೇ ನಿಂತುಬಿಡುತ್ತಿತ್ತು. ವಾರವಿಡೀ ಹಣ್ಣು ಒಣಗಿ ಸಣ್ಣದಾದಂತೆ ಗಿಳಿಗೆ ಕೊಕ್ಕು ಮೊಳೆಯುತ್ತಿತ್ತು. ಶುಕ್ರವಾರ ಹೊಸ ಹಣ್ಣು, ಮತ್ತೆ ಮೊಟಕು.

ನಗು ತಡೆಯಲು ಓಢಣಿಯನ್ನು ಬಾಯಿಗೆ ತುರುಕಿಕೊಂಡೆ. ಹೊರಗೆ ಬಂದು ಹೇಳಿಬಿಡಬೇಕು ಅನ್ನುವಷ್ಟರಲ್ಲಿ ಆಯಿ ಯಂತ್ರಕ್ಕೆ ಕೈಮುಗಿದು ಮಾತಾಡತೊಡಗಿದಳು.

"ನೋಡವಾ, ದಿನಾ ಮುಂಜಾನೆ ಬಂದು ಈ ಮಾಡಕ್ಕ ತಲಿ ಹಚ್ಚತಿ, ಶಾಣ್ಯಾಕಿ ಅದಿ. ನಮ್ಮ ಹುಡುಗಿ ನಾಕ ಮಂದ್ಯಾಗ ಬಾಯಿ ಬಿಡಂಗಿಲ್ಲ. ಆಕಿ ಕೈಯಾಗಿಂದು ನೀನು. ನೀನರ ಮರ್‍ಯಾದಿ ಉಳಸು. ಕೆಟ್ಟ ಕಣ್ಣ ತಾಗದಂಗ ನಾ ನೋಡಕೋತೇನಿ."

ಆಯಿ ಹೋದ ಮೇಲೆ ಕಾಕಾನ ವರ್ನಿಯರ್, ಅಂದರೆ ಅಳತೆಯ ಇಕ್ಕಳ, ತಂದು ಲಿಂಬೆಹಣ್ಣಿನ ಅಡ್ಡಳತೆ ತೆಗೆದುಕೊಂಡು, ಅದನ್ನು ಇದ್ದಲ್ಲೇ ಇಟ್ಟು, ಕದ ಮುಚ್ಚಿದೆ. ಲ್ಯಾಪ್‌ಟಾಪಿನಲ್ಲಿ ಒಂದು ಅಂಕಿ ಬರೆದೆ: ನಿನ್ನ ಜಾಗ ನೀನು ತಿಳಿದದ್ದಕ್ಕಿಂತ ಇಷ್ಟು ಎಡಕ್ಕಿದೆ. ಗಿಳಿ ಕೊರೆದೆ. ಕೊಕ್ಕು ಬಂತು, ತುದಿಯ ಬಾಗಿನ ಸಮೇತ.

ಕಾಕಾ ಹಲಗೆ ಎತ್ತಿ ಹಿಡಿದು ಬೆಳಕಿಗೆ ನೋಡಿದ. "ಹೆಂಗ ಆತು ಇದು?"

ನಾನು ಉತ್ತರ ಹುಡುಕುತ್ತಿದ್ದೆ. ಭೀಮಣ್ಣನಿಗೆ ಹುಡುಕುವ ಕಷ್ಟವಿಲ್ಲ. "ಏನಿಲ್ಲಪಾ, ನಿನ್ನೆ ಒಂದು ವಾಯರ್ ಸಡ್ಲ ಇತ್ತು, ನಾನ ಟೈಟ್ ಮಾಡಿದೆ," ಅಂದ.

"ಶಾಬಾಸ್ ಮಗನ," ಎಂದು ಕಾಕಾ ಅವನ ಬೆನ್ನು ತಟ್ಟಿದ. "ಸಾವಿತ್ರೆವ್ವಾರ ಬಂದಾಗ ನೀನ ನಡಸು. ವನಿತಾ ಹೆಂಗೂ ಅವರ ಮುಂದ ಬರಂಗಿಲ್ಲ."

ನಾನು ಅವನ ಮುಖ ನೋಡಿದೆ. ಅವನು ಗಿಳಿಯ ಮುಖ ನೋಡಿದ. ಆವತ್ತಿನಿಂದ ದಿನಾ ಬೆಳಿಗ್ಗೆ ಯಾರೂ ಇಲ್ಲದಾಗ ಲಿಂಬೆಹಣ್ಣನ್ನು ಅಳೆದು, ಒಣಗಿದಷ್ಟು ಅಂಕಿ ತಗ್ಗಿಸಿ, ಸುಮ್ಮನಿದ್ದೆ.

ಸಾವಿತ್ರೆವ್ವ ಸೋಮವಾರ ಬರುತ್ತೇವೆ ಎಂದಿದ್ದರು. ಆವತ್ತು ನಾನು ಹಣ್ಣು ಅಳೆದು ಅಂಕಿ ಬರೆದು ತಲೆಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಕಾರು ಬಂದುಬಿಟ್ಟಿತ್ತು. ಪ್ಲೈವುಡ್ಡಿನ ಹಿಂದಿನಿಂದ ನೋಡಿದೆ. ಸಾವಿತ್ರೆವ್ವ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕೈಯಲ್ಲಿ ಶರಬತ್ತಿನ ಗ್ಲಾಸು. ಬಾಗಿಲಲ್ಲಿ ಆಯಿ. ಕಟ್ಟೆಯ ಮೇಲೆ ಲಾಡಸಾಬ ಕಾಕಾ, ಅವನ ಹಿಂದೆ ಟಂಟಂ, ಟಂಟಂನಲ್ಲಿ ತಕ್ಕಡಿ. ಯಂತ್ರವನ್ನು ಭೀಮಣ್ಣ ಗಾಳಿಯಂತ್ರ ಹಿಡಿದು ಸ್ವಚ್ಛ ಮಾಡಿ, ಎಣ್ಣೆ ಸವರಿ ಫಳಫಳ ಅನ್ನಿಸಿದ್ದ.

"ನೋಡ್ರಿ ಅಕ್ಕಾರ, ಚಾಲೂ ಮಾಡತೇನಿ," ಎಂದು ಗುಂಡಿ ಒತ್ತಿದ.

ಯಂತ್ರ ಎಡಕ್ಕೆ ಸರಿಯತೊಡಗಿತು. ಆ ಸದ್ದು ಎಷ್ಟು ಉದ್ದ ಎಂಬುದು ನನ್ನ ಕಿವಿಗೆ ಬಾಯಿಪಾಠ. ಅದು ಮುಗಿಯಬೇಕಾದಲ್ಲಿ ಮುಗಿಯಲಿಲ್ಲ. ಮುಂದೆ ಹೋಯಿತು. ಒಂದು ಲಿಂಬೆಹಣ್ಣಿನಷ್ಟು ಮುಂದೆ.

ಮಾಡ ಖಾಲಿ ಇತ್ತು. ಹಣ್ಣಿಲ್ಲ, ಆದರೆ ನಾನು ಬರೆದ ಅಂಕಿ ಹಾಗೇ ಇತ್ತು. ಈಗ ಗಿಳಿ ಎಡಕ್ಕೆ ಸರಿಯುತ್ತದೆ. ಬಾಲ ಹೋಗುವುದು ಹಾಗಿರಲಿ, ಹಲಗೆಯ ಎಡಕ್ಕೆ ನಾನು ಬಿಗಿದ ಕಬ್ಬಿಣದ ಪಟ್ಟಿಗೆ ಕಟರು ಹೋಗಿ ಬಡಿಯುತ್ತದೆ. ಟ್ರಿಮ್ಮರ್ ಕಿರುಚುತ್ತಾ ಎದ್ದಿತು. ತೋಳು ಹಲಗೆಯ ಕಡೆ ಹೊರಟಿತು.

ನಾನು ಯಾವಾಗ ಹೊರಗೆ ಬಂದೆನೋ. ಕೆಂಪು ಗುಂಡಿಯ ಮೇಲೆ ನನ್ನ ಅಂಗೈ ಇತ್ತು, ಯಂತ್ರ ನಿಂತಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು.

"ಲಿಂಬಿಹಣ್ಣ ಎಲ್ಲೈತಿ?" ಅಂದೆ. ಧ್ವನಿ ನನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

"ಯಾವ ಲಿಂಬಿಹಣ್ಣ?" ಅಂದ ಭೀಮಣ್ಣ.

"ಮಾಡದಾಗ ಇತ್ತಲ್ಲ."

"ಅದಾ? ಯಾರೋ ಇಟ್ಟಿದ್ರು, ಕಸಾ ಹೊಡಿಯುಮುಂದ ಸಿಕ್ಕಿತು. ಅಡಗಿಮನ್ಯಾಗ ಅವ್ವಗ ಕೊಟ್ಟೆ. ಶರಬತ್ತಿಗೆ ಒಂದ ಹಣ್ಣ ಕಡಿಮಿ ಬಿದ್ದೈತಿ ಅಂತ ಒದರಾಕ ಹತ್ತಿದ್ಲು."

ದೃಷ್ಟಿಗೆಂದು ಇಟ್ಟ ಲಿಂಬೆಹಣ್ಣನ್ನು ನಮ್ಮ ಕಡೆ ಯಾರೂ ದಾಟುವುದು ಕೂಡ ಇಲ್ಲ. ಆಯಿ ಹೊಸ್ತಿಲಲ್ಲಿ ಕಣ್ಣು ಮುಚ್ಚಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕಿಯ ಮುಖ ಹಿಟ್ಟಿನಂತಾಯಿತು. ಸಾವಿತ್ರೆವ್ವ ಗ್ಲಾಸಿನ ಕೊನೆಯ ಗುಟುಕು ಮುಗಿಸಿ ತುಟಿ ಒರೆಸಿಕೊಂಡರು. ಯಾವ ಹಣ್ಣು, ಏಕೆ ಇಟ್ಟದ್ದು ಎಂಬುದು ಅವರಿಗೆ ತಿಳಿದಂತಿರಲಿಲ್ಲ.

"ಶರಬತ್ತ ಚಲೋ ಆಗೇತಿ ಸುಮಿತ್ರವ್ವಾ. ಇನ್ನೊಂದ ಸ್ವಲ್ಪ ಐತೇನ?"

"ಇಲ್ರೀ ಅಕ್ಕಾರ! ತೀರೇತಿ!" ಎಂದು ಕಾಕಿ ಹೆಚ್ಚುಕಡಿಮೆ ಚೀರಿದಳು.

ಕಾಕಾ ಬೆವರು ಒರೆಸಿಕೊಳ್ಳುತ್ತಾ, "ಏನವಾ ವನಿತಾ, ಮಂದಿ ಕುಂತಾರ, ಲಿಂಬಿಹಣ್ಣಿಂದು ಏನ ಹಚ್ಚಿ? ಬೇಕಂದ್ರ ಯಾವುದರ ಒಂದ ಇಡೂಣಂತ," ಅಂದ.

"ಯಾವುದರ ನಡಿಯಂಗಿಲ್ಲ ಕಾಕಾ. ಅಳತಿ ಕೂಡಬೇಕು. ಅದು ಇಲ್ದ ಇದು ಕೊರಿಯಂಗಿಲ್ಲ."

ಖರೆ ಹೇಳಬೇಕೆಂದರೆ, ಲ್ಯಾಪ್‌ಟಾಪಿನಲ್ಲಿ ನಾನು ಬರೆದ ಆ ಒಂದು ಅಂಕಿಯನ್ನು ಅಳಿಸಿದ್ದರೆ ಸಾಕಿತ್ತು. ಯಂತ್ರ ಆ ಕ್ಷಣವೇ ಸರಿಯಾಗುತ್ತಿತ್ತು. ನನಗದು ಗೊತ್ತಿತ್ತು. ಕೈ ಕೀಲಿಯ ಮೇಲೂ ಹೋಗಿತ್ತು. ಆದರೆ ಭೀಮಣ್ಣ ಪಕ್ಕದಲ್ಲೇ ನಿಂತು, ಇದೇನೂ ದೊಡ್ಡದಲ್ಲ ಅನ್ನುವ ನಗು ಹಾಕಿಕೊಂಡು ಸಾವಿತ್ರೆವ್ವನಿಗೆ ಹೇಳುತ್ತಿದ್ದ, "ಒಂದ ವಾಯರ್ ಸಡ್ಲ ಆಗಿರಬೇಕ್ರಿ ಅ..."

"ಭೀಮಣ್ಣ," ಅಂದೆ, "ಬಜಾರಕ್ಕ ಹೋಗಿ ಲಿಂಬಿಹಣ್ಣ ತಾ. ಒಂದಲ್ಲ, ಚೀಲ ತಾ. ಅದರಾಗ ಆರಿಸಬೇಕು."

"ಹೋಗಲೇ," ಎಂದು ಆಯಿ ಹೊಸ್ತಿಲಿಂದ ಗುಡುಗಿದಳು. "ತಗದವ ನೀನ. ತರಾವನೂ ನೀನ."

ಅವನು ಹೋದ. ಆಚೆ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ನನಗೆ ಪ್ಲೈವುಡ್ಡಿನ ಹಿಂದೆ ಹೋಗಬೇಕು ಅನ್ನಿಸಿತು, ಆದರೆ ದಾರಿಯಲ್ಲಿ ಸಾವಿತ್ರೆವ್ವನ ಕುರ್ಚಿಯಿತ್ತು.

"ಏನವಾ ನಿನ್ನ ಹೆಸರು?"

"ವನಿತಾ ರೀ."

"ಈ ಮಷೀನ ಆ ಹುಡುಗ ಮಾಡ್ಯಾನಂತ ವಿಡಿಯೋದಾಗ ಹೇಳ್ಯಾನಲ್ಲ. ಖರೇನ?"

ಸಾಮಾನ್ಯವಾಗಿ ನಾನು ಇಂಥಲ್ಲಿ ನೆಲ ನೋಡುತ್ತೇನೆ. ನೋಡಿದೆ ಕೂಡ. ನೆಲದ ಮೇಲೆ ಸಾಗವಾನಿಯ ಹಿಟ್ಟಿತ್ತು.

"ಅವನೂ ಮಾಡ್ಯಾನ್ರಿ. ಒಂದ ವಾಯರ್ ಟೈಟ್ ಮಾಡ್ಯಾನ."

ಲಾಡಸಾಬ ಕಾಕಾ ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾರ, ರಾಡ್, ಮೋಟರ್, ಪಟ್ಟಿ ಎಲ್ಲಾ ಈ ಹುಡುಗಿನ ನನ್ನ ಅಂಗಡ್ಯಾಗಿಂದ ಬೆರಳ ಮಾಡಿ ತೋರಿಸಿ ತೋರಿಸಿ ಒಯ್ದಾಳ್ರಿ. ಒಂದ ಮಾತ ಆಡಲಿಲ್ಲ. ನಾ ಇಷ್ಟ ದಿವಸ ಪಾಪ ಮೂಕಿ ಅಂತ ತಿಳದಿದ್ದೆ!"

ಸಾವಿತ್ರೆವ್ವ ನಗಲಿಲ್ಲ. ಎದ್ದು ಬಂದು ಇಳಕಲ್ ಅಂಚಿನ ಚೀಲ ಮುಟ್ಟಿ ನೋಡಿದರು. ಇದು ಯಾಕೆ, ಅದು ಯಾಕೆ ಎಂದು ಕೇಳಿದರು. ನಾನು ಹೇಳಿದೆ. ಹೇಳುತ್ತಾ ಹೋದಂತೆ ಮೋಟರಿನ ತಂತಿಗಳನ್ನು ಗಂಡಹೆಂಡತಿ ಮಾಡುವ ಬಗೆಯನ್ನೂ ಹೇಳಿಬಿಟ್ಟೆ. ಆಗ ನಕ್ಕರು.

ಭೀಮಣ್ಣ ಚೀಲ ತಂದು ಸುರುವಿದ. ನಾನು ನೆಲಕ್ಕೆ ಕೂತು, ವರ್ನಿಯರ್ ಹಿಡಿದು ಒಂದೊಂದೇ ಹಣ್ಣು ಅಳೆದೆ. ದಪ್ಪ. ಇದೂ ದಪ್ಪ. ಇದು ಸಣ್ಣದು. ಕಾಕಾ ಬಾಯಿ ತೆರೆದು ನಿಂತಿದ್ದ. ಆತನ ವರ್ನಿಯರ್ ಇಂಥ ಕೆಲಸ ಕಂಡಿರಲಿಲ್ಲ. ಕೊನೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ್ದು ಸಿಕ್ಕಿತು. ಅದನ್ನು ಆಯಿಯ ಕೈಗೆ ಕೊಟ್ಟೆ. ಆಯಿ ಎಲ್ಲರೂ ನೋಡುವಂತೆ ನಿಧಾನವಾಗಿ ಬಂದು ಮಾಡದ ಕದ ತೆರೆದು ಇಟ್ಟು, ಭೀಮಣ್ಣನ ಕಡೆ ಒಮ್ಮೆ ನೋಡಿ, ಕದ ಮುಚ್ಚಿದಳು.

ಯಂತ್ರ ಎಡಕ್ಕೆ ಹೋಗಿ, ಸರಿಯಾದ ಜಾಗದಲ್ಲಿ ತಲೆ ಹಚ್ಚಿ, ತಿರುಗಿ ಬಂತು. ಮೊದಲು ಬಾಲ ಬಂತು. ರೆಕ್ಕೆಯ ಗರಿಗಳು ಬಂದವು. ಕತ್ತು, ಕಣ್ಣು. ಲಾಡಸಾಬ ಕಾಕಾ ಕಟ್ಟೆಯಿಂದ ಇಳಿದು ಒಳಗೆ ಬಂದಿದ್ದ. ಕಟರು ಹಲಗೆಯ ಅಂಚಿನವರೆಗೆ ಹೋಗಿ, ಬಾಗಿ, ಒಳಕ್ಕೆ ತಿರುಗಿತು. ಕೊಕ್ಕು.

"ಹಾಂ," ಅಂದರು ಸಾವಿತ್ರೆವ್ವ. ಹಲಗೆಯ ಹಿಟ್ಟನ್ನು ಸೆರಗಿನಿಂದ ಒರೆಸಿ, ಕೊಕ್ಕಿನ ಮೇಲೆ ಬೆರಳಾಡಿಸಿದರು. "ಪರಶುರಾಮಪ್ಪಾ, ಬಾಗಲಾ ನಿಂದು. ಗಿಳಿ ಮಾತ್ರ ಈಕಿನ ಕೊರೀಬೇಕು. ಆ ಹುಡುಗ ಮಷೀನಿಗೆ ಕೈ ಹಚ್ಚೂದ ಬ್ಯಾಡ. ಲಿಂಬಿಹಣ್ಣ ತರಲಿ, ಸಾಕು."

"ಆಗಲ್ರಿ ಅಕ್ಕಾರ," ಅಂದ ಕಾಕಾ. ಆಮೇಲೆ ನನ್ನ ಕಡೆ ತಿರುಗಿ, "ಟ್ರಿಮ್ಮರ ನಾ ಹೊಸಾದ ತಗೋತೇನಿ. ಅದು ಅಲ್ಲೇ ಇರಲಿ," ಅಂದ. ಮೂಲೆಯ ಬಗ್ಗೆ "ಸದ್ಯಕ್ಕ" ಎಂಬ ಮಾತನ್ನು ಆತ ಮತ್ತೆ ಆಡಿಲ್ಲ.

ಕಾರು ಹತ್ತುವಾಗ ಸಾವಿತ್ರೆವ್ವನಿಗೆ ಏನೋ ನೆನಪಾಯಿತು. "ಅಲ್ಲಾ, ಆ ಮೊದಲನೇ ಲಿಂಬಿಹಣ್ಣ ಏನಾತು?"

ಕಾಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅದು ಕೆಲಸಕ್ಕ ಬಂತ್ರಿ," ಅಂದಳು ಆಯಿ. "ನಿಮಗ ಈಗ ಒಂದ ವರ್ಷ ಯಾರ ಕಣ್ಣೂ ತಾಗಂಗಿಲ್ಲ, ಆರಾಮ ಹೋಗಿ ಬರ್ರಿ."

ಸಾವಿತ್ರೆವ್ವನಿಗೆ ಅರ್ಥವಾಯಿತೋ ಇಲ್ಲವೋ. ಕಾರಿನ ಕಿಟಕಿಯಿಂದ ಆಯಿಯನ್ನು ಬಹಳ ಹೊತ್ತು ನೋಡಿದರು. ಲಾಡಸಾಬ ಕಾಕಾ ಖಾಲಿ ಟಂಟಂ ಹತ್ತಿ, ತಕ್ಕಡಿ ಸರಿಸಿಕೊಂಡು, "ಮೂಕವ್ವಾ, ಮುಂದಿನ ಮಷೀನಿಗೆ ಏನ ಬೇಕೋ ಬಾಯಲೆ ಹೇಳು," ಎಂದು ಕೂಗಿ ಹೋದ.

ಈಗ ಶುಕ್ರವಾರ ಬೆಳಿಗ್ಗೆ ಭೀಮಣ್ಣ ವರ್ನಿಯರ್ ಕಿಸೆಯಲ್ಲಿಟ್ಟುಕೊಂಡು ಬಜಾರಿಗೆ ಹೋಗುತ್ತಾನೆ. ಲಿಂಬೆಹಣ್ಣಿನ ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದೊಂದನ್ನೇ ಅಳೆಯುತ್ತಾನೆ. ಮಾರುವಾಕೆ ಮೊದಲು ಬೈದಳಂತೆ, "ಹಣ್ಣ ಮೂಸಿ ತಗೋತಾರ, ಹಿಚುಕಿ ತಗೋತಾರ, ನೀ ಏನಪಾ ಇಕ್ಕಳಾ ಹಚ್ಚತಿ?" ಈಗ ಆಕೆಯೇ ಅವನಿಗೆಂದು ಒಂದೇ ಗಾತ್ರದವನ್ನು ಬೇರೆ ಇಡುತ್ತಾಳಂತೆ. ಆ ಅಂಕಿಯ ಸಂಗತಿ ಅವನಿಗೆ ಇನ್ನೂ ಗೊತ್ತಿಲ್ಲ. ಕೇಳಿದರೆ ಹೇಳುತ್ತೇನೆ. ಅವನು ಕೇಳುವವನಲ್ಲ.

ಮೊನ್ನೆ ಮುಂಡರಗಿಯಿಂದ ಯಾರೋ ಫೋನ್ ಮಾಡಿದರು. ಸಾವಿತ್ರೆವ್ವನ ಬೀಗರಂತೆ, ಅವರಿಗೂ ಬಾಗಿಲು ಬೇಕಂತೆ. ಭೀಮಣ್ಣ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮುಖ ಹುಳಿ ಮಾಡಿ, ಫೋನನ್ನು ನನ್ನ ಕಡೆ ಚಾಚಿದ.

"ನಮ್ಮ ಹಿತ್ತಲದಾಗ ಲಿಂಬಿಗಿಡಾ ಐತ್ರಿ," ಎಂದಿತು ಆಚೆಯ ಹೆಂಗಸಿನ ಧ್ವನಿ. "ಮನಿ ಹಣ್ಣ ನಡೀತಾವೇನ್ರಿ ನಿಮ್ಮ ಮಷೀನಿಗೆ?"

ನಾನು ಪ್ಲೈವುಡ್ಡಿನ ಕಡೆ ಒಮ್ಮೆ ನೋಡಿದೆ. ಭೀಮಣ್ಣನ ಕಡೆ ಒಮ್ಮೆ ನೋಡಿದೆ.

"ನಡೀತಾವ್ರಿ," ಅಂದೆ. "ಒಂದ ಬುಟ್ಟಿ ತರ್ರಿ. ನಮ್ಮ ಅಣ್ಣ ಅಳದ ನೋಡತಾನ."